ಶುಕ್ರವಾರ ಸಾಲು, ಮಂಗಳವಾರ ಖಾಲಿ: ಹೆದ್ದಾರಿ ಫಾಸ್ಟ್ ಚಾರ್ಜಿಂಗ್ ಸ್ಟೇಷನ್‌ನ ಲೆಕ್ಕಾಚಾರ

ಎಲೆಕ್ಟ್ರಿಕ್ ವಾಹನಗಳ ಸುದ್ದಿ ಓದುವವರಿಗೆ ಗೊಂದಲ ಆಗುವುದು ಸಹಜ. ಹೆದ್ದಾರಿಗಳಲ್ಲಿ ಚಾರ್ಜಿಂಗ್ ಸ್ಟೇಷನ್ ಸಾಲುತ್ತಿಲ್ಲ, ರಜೆ ಬಂತೆಂದರೆ ಸಾಲಿನಲ್ಲಿ ನಿಲ್ಲಬೇಕು ಎಂದು ಒಂದು ದಿನ ಓದುತ್ತೇವೆ. ಇರುವ ಸ್ಟೇಷನ್‌ಗಳೇ ಖಾಲಿ ಹೊಡೆಯುತ್ತಿವೆ, ಹಾಕಿದ ಬಂಡವಾಳ ವಾಪಸ್ ಬರುತ್ತಿಲ್ಲ ಎಂದು ಮರುದಿನ ಓದುತ್ತೇವೆ. ಇವೆರಡರ ನಡುವೆ ಹೊಸ ಸ್ಟೇಷನ್‌ನ ಘೋಷಣೆ ಬರುತ್ತದೆ. ಬೋರ್ಡ್ ಏಳುತ್ತದೆ, ಮೆಷಿನ್ ಬಂದು ಕೂರುತ್ತದೆ, ಆಮೇಲೆ ತಿಂಗಳುಗಟ್ಟಲೆ ಪ್ಲಾಸ್ಟಿಕ್ ಹೊದ್ದುಕೊಂಡು ಸುಮ್ನೆ ನಿಂತಿರುತ್ತದೆ.

ಮೂರೂ ನಿಜ. ಮೂರಕ್ಕೂ ಬೇರು ಒಂದೇ. ಹೆದ್ದಾರಿ ಸ್ಟೇಷನ್ನನ್ನು ಕಟ್ಟಬೇಕಾಗಿರುವುದು ಗಾಡಿಗಳು ಮುಗಿಬೀಳುವ ದಿನಕ್ಕೆ. ಆದರೆ ಅದರ ಸಂಪಾದನೆ ನಿಂತಿರುವುದು ಮಾಮೂಲಿ ದಿನಗಳ ಮೇಲೆ. ಈ ಅಂತರವನ್ನು ಯಾರು, ಹೇಗೆ ತುಂಬಬೇಕು ಎಂಬುದರ ಸುತ್ತಲೇ ಈಗಿನ ಚರ್ಚೆಯೆಲ್ಲ ನಡೆಯುತ್ತಿದೆ.

ಬಂಕಿಗೆ ಟ್ಯಾಂಕ್ ಇದೆ, ಸ್ಟೇಷನ್‌ಗೆ ತಂತಿ ಮಾತ್ರ

ಪೆಟ್ರೋಲ್ ಬಂಕ್‌ಗೂ ಜನ ಒಟ್ಟೊಟ್ಟಿಗೇ ಬರುತ್ತಾರೆ. ಆದರೂ ಅಲ್ಲಿ ಈ ತೊಂದರೆ ಇಲ್ಲ. ನೆಲದಡಿ ದೊಡ್ಡ ಟ್ಯಾಂಕ್ ಇರುತ್ತದೆ. ಟ್ಯಾಂಕರ್ ಲಾರಿ ರಾತ್ರಿ ಬಂದು ತುಂಬಿಸಿ ಹೋದರೂ ಸಾಕು, ಬೆಳಗ್ಗೆ ಎಷ್ಟು ಜನ ಬಂದರೂ ಕೊಡಬಹುದು. ಒಂದು ಕಾರಿಗೆ ಐದು ನಿಮಿಷ.

ಚಾರ್ಜಿಂಗ್ ಸ್ಟೇಷನ್‌ಗೆ ಆ ಟ್ಯಾಂಕ್ ಇಲ್ಲ. ಕಾರು ವಿದ್ಯುತ್ ಎಳೆಯುವ ಅದೇ ಕ್ಷಣದಲ್ಲಿ ತಂತಿ ಅದನ್ನು ತಂದುಕೊಡಬೇಕು. 150 ಕಿಲೋವ್ಯಾಟ್‌ನ ಎಂಟು ಗನ್ (ಕಾರಿಗೆ ಸಿಕ್ಕಿಸುವ ಕೇಬಲ್ ಹಿಡಿ) ಇದ್ದರೆ ಒಟ್ಟು 1,200 ಕಿಲೋವ್ಯಾಟ್. ಒಂದು ಮನೆಗೆ 2 ಕಿಲೋವ್ಯಾಟ್ ಎಂದು ಹಿಡಿದರೆ ಇದು 600 ಮನೆಗಳ ಊರಿಗೆ ಬೇಕಾಗುವಷ್ಟು ವಿದ್ಯುತ್. ಅದೂ ಎಲ್ಲಿ? ಹೆದ್ದಾರಿ ಬದಿಯ ಬಯಲಲ್ಲಿ. ಅಲ್ಲಿನ ಲೈನನ್ನು ಎಳೆದಿದ್ದು ನಾಲ್ಕು ಮನೆ, ಒಂದೆರಡು ಪಂಪ್‌ಸೆಟ್‌ಗಳ ಲೆಕ್ಕದಲ್ಲಿ.

ಹಾಗಾಗಿ ಜಾಗ ಹುಡುಕುವ ಮೊದಲು ಸಬ್‌ಸ್ಟೇಷನ್ ಎಲ್ಲಿದೆ ಎಂದು ಹುಡುಕಬೇಕು. ಈ ಕ್ರಮ ತಿರುವುಮುರುವಾದ ಕಡೆಯೆಲ್ಲ ಪ್ಲಾಸ್ಟಿಕ್ ಹೊದ್ದ ಮೆಷಿನ್‌ಗಳು ನಿಂತಿರುತ್ತವೆ.

ಗನ್ ಸಿಕ್ಕಿಸಿದ ಮೇಲೆ ಏನಾಗುತ್ತದೆ?

ಮನೆಯಲ್ಲಿ ಚಾರ್ಜ್ ಹಾಕಿದಾಗ ಗೋಡೆಯಿಂದ ಎಸಿ ವಿದ್ಯುತ್ ಬರುತ್ತದೆ. ಬ್ಯಾಟರಿಗೆ ಬೇಕಾಗಿರುವುದು ಡಿಸಿ. ಬದಲಾಯಿಸುವ ಪುಟ್ಟ ಯಂತ್ರ ಕಾರಿನೊಳಗೇ ಇರುತ್ತದೆ. ಅದು ಚಿಕ್ಕದು, ಸಾಮಾನ್ಯವಾಗಿ 7ರಿಂದ 22 ಕಿಲೋವ್ಯಾಟ್‌ವರೆಗೆ. ಫಾಸ್ಟ್ ಚಾರ್ಜಿಂಗ್‌ನಲ್ಲಿ ಈ ಕೆಲಸವನ್ನು ಸ್ಟೇಷನ್‌ನ ದೊಡ್ಡ ಪೆಟ್ಟಿಗೆ ವಹಿಸಿಕೊಳ್ಳುತ್ತದೆ. ಡಿಸಿ ನೇರವಾಗಿ ಬ್ಯಾಟರಿಗೆ ಹೋಗುತ್ತದೆ.

ಫಾಸ್ಟ್ ಚಾರ್ಜಿಂಗ್‌ಗೆ ಬಳಸುವ ಸಿಸಿಎಸ್ ಮಾದರಿಯ ಗನ್ ಸಿಕ್ಕಿಸಿದ ತಕ್ಷಣ ಕರೆಂಟ್ ಹರಿಯುವುದಿಲ್ಲ. ಮೊದಲು ಕಾರು ಮತ್ತು ಮೆಷಿನ್ ಮಾತಾಡಿಕೊಳ್ಳುತ್ತವೆ. ನನ್ನ ಬ್ಯಾಟರಿ ಇಷ್ಟು ವೋಲ್ಟ್, ಈಗ ಇಷ್ಟು ಆಂಪಿಯರ್ ತಡೆದುಕೊಳ್ಳುತ್ತೇನೆ ಎಂದು ಕಾರು ಹೇಳುತ್ತದೆ. ಗನ್‌ಗೆ ಬೀಗ ಬೀಳುತ್ತದೆ. ಕೇಬಲ್‌ನಲ್ಲಿ ಎಲ್ಲಾದರೂ ಸೋರಿಕೆ ಇದೆಯೇ ಎಂದು ಮೆಷಿನ್ ಪರೀಕ್ಷಿಸುತ್ತದೆ. ಆಮೇಲೆ ತನ್ನ ವೋಲ್ಟೇಜನ್ನು ಬ್ಯಾಟರಿಯ ಮಟ್ಟಕ್ಕೆ ತಂದು ನಿಲ್ಲಿಸುತ್ತದೆ. ಆಗ ಕಾರಿನೊಳಗೆ ಟಕ್ ಎಂದು ಸದ್ದು. ಸ್ವಿಚ್ ಮುಚ್ಚಿತು. ಈಗ ಕರೆಂಟ್ ಹರಿಯುತ್ತದೆ, ಪೆಟ್ಟಿಗೆಯ ಫ್ಯಾನ್‌ಗಳು ಜೋರಾಗಿ ತಿರುಗತೊಡಗುತ್ತವೆ.

ಎಷ್ಟು ಎಳೆಯಬೇಕೆಂದು ತೀರ್ಮಾನಿಸುವುದು ಕಾರು. ಬೋರ್ಡ್ ಮೇಲೆ 150 ಎಂದಿದ್ದರೂ ಪರದೆಯಲ್ಲಿ 70 ಕಾಣಿಸುವುದಕ್ಕೆ ಬಹುಪಾಲು ಕಾರಣ ಇದೇ. ಬ್ಯಾಟರಿ ಬರಿದಾಗಿರುವಾಗ ಜಾಸ್ತಿ ಹೀರುತ್ತದೆ, ತುಂಬುತ್ತಾ ಬಂದಂತೆ ಕಡಿಮೆ ಮಾಡುತ್ತದೆ. 80% ದಾಟಿದ ಮೇಲಂತೂ ತೀರಾ ನಿಧಾನ. ಬ್ಯಾಟರಿ ತಣ್ಣಗಿದ್ದರೆ ಶುರುವಿನಿಂದಲೇ ನಿಧಾನ. ತಣ್ಣಗಿರುವಾಗ ಬಲವಂತವಾಗಿ ತುಂಬಿದರೆ ಒಳಗೆ ಲಿಥಿಯಂ ಲೋಹ ಪದರ ಕಟ್ಟಿ ಬ್ಯಾಟರಿ ಹಾಳಾಗುತ್ತದೆ, ಅದಕ್ಕೇ ಕಾರು ತಡೆಯುತ್ತದೆ. ಇನ್ನೊಂದು ವಿಷಯ ವೋಲ್ಟೇಜ್. 500 ಆಂಪಿಯರ್ ಹರಿಯುವ ಒಂದೇ ಕೇಬಲ್‌ನಿಂದ 400 ವೋಲ್ಟ್ ಬ್ಯಾಟರಿಗೆ 200 ಕಿಲೋವ್ಯಾಟ್ ಹೋಗುತ್ತದೆ, 800 ವೋಲ್ಟ್ ಬ್ಯಾಟರಿಗೆ 400.

ಸ್ಟೇಷನ್ ಕಟ್ಟುವವರಿಗೆ ಇದು ಒಳ್ಳೆಯ ಸುದ್ದಿ. ಎಂಟು ಕಾರು ನಿಂತಿದ್ದರೆ ಎಂಟೂ ಒಂದೇ ಹೊತ್ತಿಗೆ 150 ಎಳೆಯುವುದು ಅಪರೂಪ. ಒಂದು ಈಗ ತಾನೇ ಬಂದಿರುತ್ತದೆ, ಇನ್ನೊಂದು ಮುಗಿಸುವ ಹಂತದಲ್ಲಿರುತ್ತದೆ. ಹಾಗಾಗಿ ಹೊಸ ಮೆಷಿನ್‌ಗಳು ಇರುವ ವಿದ್ಯುತ್ತನ್ನು ಗನ್‌ಗಳ ನಡುವೆ ಹಂಚುತ್ತವೆ. 1,200ರ ಬದಲು 600 ಕಿಲೋವ್ಯಾಟ್ ಸಂಪರ್ಕದಲ್ಲೇ ಎಂಟು ಗನ್ ಹೆಚ್ಚು ಹೊತ್ತು ಚೆನ್ನಾಗಿಯೇ ನಡೆಯಬಹುದು.

ಎರಡು ಗನ್ ಯಾಕೆ ಸಾಲದು?

ಘೋಷಣೆಗಳಲ್ಲಿ ದೊಡ್ಡದಾಗಿ ಕಾಣುವುದು ಕಿಲೋವ್ಯಾಟ್ ಸಂಖ್ಯೆ. ದಾರಿಹೋಕರಿಗೆ ಅದಕ್ಕಿಂತ ಮುಖ್ಯವಾದ ಸಂಖ್ಯೆ ಗನ್‌ಗಳದ್ದು.

ಡೆನ್ಮಾರ್ಕ್‌ನ ಗಣಿತಜ್ಞ ಎ. ಕೆ. ಎರ್ಲಾಂಗ್ 1909ರಲ್ಲೇ ಟೆಲಿಫೋನ್ ಕರೆಗಳ ಮೇಲೆ ಇಂಥ ಲೆಕ್ಕಕ್ಕೆ ಅಡಿಪಾಯ ಹಾಕಿದರು. ಯಾವ ಹೊತ್ತಿಗೆ ಯಾರು ಕರೆ ಮಾಡುತ್ತಾರೋ ಗೊತ್ತಿಲ್ಲದಾಗ ಎಷ್ಟು ಲೈನ್ ಬೇಕು ಎಂಬ ಪ್ರಶ್ನೆ ಅದು. ಕಾರುಗಳಿಗೂ ಅದೇ ಸೂತ್ರ ಹಚ್ಚಬಹುದು. ಒಂದು ಕಾರು ಸರಾಸರಿ 30 ನಿಮಿಷ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ಗನ್‌ಗಳು 70% ಹೊತ್ತು ಕೆಲಸದಲ್ಲಿವೆ.

ಎರಡೇ ಗನ್ ಇದ್ದರೆ ಬಂದ ನೂರು ಕಾರುಗಳಲ್ಲಿ ಸುಮಾರು 58 ಕಾರು ಕಾಯಲೇಬೇಕು. ಎಲ್ಲರನ್ನೂ ಸೇರಿಸಿ ಸರಾಸರಿ ಕಾಯುವ ಹೊತ್ತು 29 ನಿಮಿಷದ ಹತ್ತಿರ. ಎಂಟು ಗನ್ ಇದ್ದು, ನಾಲ್ಕು ಪಟ್ಟು ಕಾರು ಬಂದರೂ ಕಾಯುವವರು ನೂರಕ್ಕೆ 27 ಮಾತ್ರ. ಸರಾಸರಿ ಕಾಯುವ ಹೊತ್ತು ಮೂರೂವರೆ ನಿಮಿಷಕ್ಕೂ ಕಡಿಮೆ. ಒಂದೊಂದು ಗನ್ ಮೇಲೆ ಬೀಳುವ ಹೊರೆ ಎರಡೂ ಕಡೆ ಅಷ್ಟೇ. ಆದರೂ ಇಷ್ಟೊಂದು ವ್ಯತ್ಯಾಸ! ಎಂಟರಲ್ಲಿ ಯಾವುದೋ ಒಂದು ಬೇಗ ಖಾಲಿಯಾಗುತ್ತದೆ. ಎರಡರಲ್ಲಿ ಆ ಅದೃಷ್ಟ ಕಡಿಮೆ.

ಒಂದು ಗನ್ ಕೆಟ್ಟರೆ? ಎಂಟರಲ್ಲಿ ಏಳು ಉಳಿಯುತ್ತವೆ, ಹೊರೆ 80% ಆಗುತ್ತದೆ, ಸ್ವಲ್ಪ ಜಾಸ್ತಿ ಕಾಯಬೇಕಾಗುತ್ತದೆ. ಎರಡರಲ್ಲಿ ಒಂದು ಉಳಿಯುತ್ತದೆ. ಅದು ಮುಗಿಸಬಲ್ಲದ್ದಕ್ಕಿಂತ ಹೆಚ್ಚು ಕಾರು ಬರುತ್ತಲೇ ಇರುತ್ತವೆ, ಸಾಲು ಕರಗುವುದೇ ಇಲ್ಲ. ಹಾಗಾಗಿ ಹತ್ತು ಕಡೆ ಎರಡೆರಡು ಗನ್ ಎನ್ನುವ ಯೋಜನೆ ನಕ್ಷೆಯ ಮೇಲೆ ಚೆನ್ನಾಗಿ ಕಾಣುತ್ತದೆಯೇ ಹೊರತು ಪ್ರಯಾಣಿಕರಿಗೆ ಭರವಸೆ ಕೊಡುವುದಿಲ್ಲ. ಅದೇ ಇಪ್ಪತ್ತು ಗನ್ ಮೂರು ಕಡೆ ಇದ್ದರೆ ಜನ ನಂಬಿ ಹೊರಡುತ್ತಾರೆ.

ಬಿಲ್ಲಿನಲ್ಲಿರುವ ಹದಿನೈದು ನಿಮಿಷ

ಇಷ್ಟೆಲ್ಲ ಗೊತ್ತಿದ್ದೂ ಎಲ್ಲರೂ ದೊಡ್ಡ ಸ್ಟೇಷನ್ ಯಾಕೆ ಕಟ್ಟುವುದಿಲ್ಲ? ಉತ್ತರ ವಿದ್ಯುತ್ ಬಿಲ್ಲಿನಲ್ಲಿದೆ.

ಮನೆಯ ಬಿಲ್ಲಿನಲ್ಲಿ ನಮ್ಮ ಕಣ್ಣು ಹೋಗುವುದು ಯೂನಿಟ್‌ಗಳ ಮೇಲೆ. ದೊಡ್ಡ ಗ್ರಾಹಕರಿಗೆ ಬಹಳಷ್ಟು ಕಡೆ ಇನ್ನೊಂದು ಶುಲ್ಕ ಇರುತ್ತದೆ, ಡಿಮ್ಯಾಂಡ್ ಚಾರ್ಜ್. ತಿಂಗಳಲ್ಲಿ ಯಾವ 15 ಅಥವಾ 30 ನಿಮಿಷದಲ್ಲಿ ಅತಿ ಹೆಚ್ಚು ವಿದ್ಯುತ್ ಎಳೆದಿರೋ ಅದರ ಮೇಲೆ ಇದನ್ನು ಕಟ್ಟಬೇಕು. ವಿದ್ಯುತ್ ಕಂಪನಿಯ ವಾದದಲ್ಲೂ ನ್ಯಾಯವಿದೆ. ಆ ಒಂದು ಗಳಿಗೆಗಾಗಿ ದಪ್ಪ ತಂತಿ, ದೊಡ್ಡ ಟ್ರಾನ್ಸ್‌ಫಾರ್ಮರ್ ಹಾಕಿ ಇಡೀ ತಿಂಗಳು ಕಾಯ್ದಿಡುವವರು ಅವರು.

ಸ್ಟೇಷನ್‌ಗೆ ಇದರ ಪರಿಣಾಮ ನೋಡಿ. 600 ಕಿಲೋವ್ಯಾಟ್ ಸ್ಟೇಷನ್ ತಿಂಗಳಿಡೀ ಪೂರ್ತಿ ಓಡಿದರೆ 4,32,000 ಯೂನಿಟ್ ಮಾರಬಹುದು. ಅದರ 5% ಮಾತ್ರ ಬಳಕೆಯಾದರೆ 21,600 ಯೂನಿಟ್. ಒಂದು ಕಾರಿಗೆ 42 ಯೂನಿಟ್ ಎಂದು ಹಿಡಿದರೆ ದಿನಕ್ಕೆ ಸುಮಾರು 17 ಕಾರು ಬಂದಂತಾಯಿತು. 20% ಬಳಕೆಯಾದರೆ 86,400 ಯೂನಿಟ್, ದಿನಕ್ಕೆ 69 ಕಾರು. ರಜೆಯ ಒಂದು ಸಂಜೆ ಎಂಟೂ ಗನ್ ತುಂಬಿಬಿಟ್ಟರೆ ಎರಡೂ ಸ್ಟೇಷನ್‌ಗಳ ಡಿಮ್ಯಾಂಡ್ ಚಾರ್ಜ್ ಒಂದೇ. ಮೊದಲನೆಯದು ಅದನ್ನು 17 ಕಾರುಗಳ ಲೆಕ್ಕದಲ್ಲಿ ವಸೂಲಿ ಮಾಡಬೇಕು, ಎರಡನೆಯದು 69ರ ಲೆಕ್ಕದಲ್ಲಿ. ಅಂದರೆ ಪ್ರತಿ ಯೂನಿಟ್ ಮೇಲೆ ಬೀಳುವ ಭಾರ ನಾಲ್ಕು ಪಟ್ಟು. ಅದನ್ನು ದರಕ್ಕೆ ಸೇರಿಸಿದರೆ ಜನ ಬರುವುದಿಲ್ಲ, ಸೇರಿಸದಿದ್ದರೆ ಸ್ಟೇಷನ್ ಉಳಿಯುವುದಿಲ್ಲ.

ಖಾಲಿ ಸ್ಟೇಷನ್ ಮತ್ತು ಉದ್ದ ಸಾಲು ಒಟ್ಟಿಗೆ ಇರುವುದು ಹೀಗೆ. ಮಂಗಳವಾರದ ನಷ್ಟ ನೋಡಿದ ಮಾಲೀಕರು ಶುಕ್ರವಾರಕ್ಕೆ ಬೇಕಾದಷ್ಟು ಗನ್ ಹಾಕುವುದಿಲ್ಲ. ಶುಕ್ರವಾರ ಕಾದವರು ಮುಂದಿನ ಸಲ ಪೆಟ್ರೋಲ್ ಕಾರಿನಲ್ಲೇ ಹೊರಡುತ್ತಾರೆ. ಮಂಗಳವಾರ ಇನ್ನಷ್ಟು ಖಾಲಿಯಾಗುತ್ತದೆ.

ಶುರುವಿನ ಕೆಲವು ವರ್ಷ ಡಿಮ್ಯಾಂಡ್ ಚಾರ್ಜ್ ಕಡಿಮೆ ಮಾಡಿ, ಬಳಕೆ ಏರಿದಂತೆ ಹಂತಹಂತವಾಗಿ ವಾಪಸ್ ತನ್ನಿ ಎಂಬುದು ಸ್ಟೇಷನ್ ನಡೆಸುವವರ ಬೇಡಿಕೆ. ಹಾಗೆ ಮಾಡಿದರೆ ತಂತಿಯ ಖರ್ಚು ಎಲೆಕ್ಟ್ರಿಕ್ ಕಾರೇ ಇಲ್ಲದ ಮನೆಗಳ ಬಿಲ್ಲಿಗೆ ಹೋಗುತ್ತದೆ ಎಂಬುದು ಎದುರು ವಾದ. ಎರಡನೆಯದನ್ನು ತಳ್ಳಿಹಾಕುವಂತಿಲ್ಲ. ಆದರೂ ಅವಧಿ ಮೊದಲೇ ಗೊತ್ತುಮಾಡಿ ಕೊಡುವ ರಿಯಾಯಿತಿ ತಪ್ಪಲ್ಲ ಎಂದೇ ಹೇಳಬೇಕಾಗುತ್ತದೆ. ಸ್ಟೇಷನ್‌ಗೆ ಮಾಮೂಲಿ ದಿನದ ಗಿರಾಕಿ ಹುಟ್ಟಿಕೊಳ್ಳುವವರೆಗೆ ಉಸಿರಾಡಲು ಅವಕಾಶ ಬೇಕಲ್ವಾ?

ತಂತಿ ಬರುವವರೆಗಿನ ಕಾಯುವಿಕೆ

ಮೆಷಿನ್ ಕೂರಿಸಲು ವಾರಗಳು ಸಾಕು. ವಿದ್ಯುತ್ ಸಂಪರ್ಕ ಅಷ್ಟು ಬೇಗ ಸಿಗುವುದಿಲ್ಲ. ಅರ್ಜಿ ಹಾಕಬೇಕು. ಲೈನ್ ಈ ಹೊರೆ ತಡೆಯುತ್ತದೆಯೇ ಎಂದು ವಿದ್ಯುತ್ ಕಂಪನಿ ಪರಿಶೀಲಿಸಬೇಕು. ತಡೆಯದಿದ್ದರೆ ಹೊಸ ಫೀಡರ್ ಎಳೆಯಬೇಕು, ರಸ್ತೆ ಅಗೆಯಲು, ಜಮೀನು ದಾಟಲು ಬೇರೆ ಬೇರೆ ಒಪ್ಪಿಗೆ ಬೇಕು. ಆಮೇಲೆ ಟ್ರಾನ್ಸ್‌ಫಾರ್ಮರ್. ಈಗ ಜಗತ್ತಿನಾದ್ಯಂತ ಅದಕ್ಕೂ ಸಾಲಿದೆ. ಗ್ರಿಡ್‌ಗೆ ಬೇಕಾದ ದೊಡ್ಡ ಟ್ರಾನ್ಸ್‌ಫಾರ್ಮರ್ ಕೈಸೇರಲು 4 ವರ್ಷದವರೆಗೂ ಹಿಡಿಯುತ್ತಿದೆ ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2025ರಲ್ಲಿ ಹೇಳಿದೆ. ಸ್ಟೇಷನ್‌ಗೆ ಬೇಕಾಗುವುದು ಅದಕ್ಕಿಂತ ಎಷ್ಟೋ ಚಿಕ್ಕದು. ಆದರೆ ಹತ್ತಿರದ ಸಬ್‌ಸ್ಟೇಷನ್ನೇ ತುಂಬಿಹೋಗಿದ್ದರೆ ಆ ದೊಡ್ಡದು ಬರುವವರೆಗೆ ಕಾಯದೆ ದಾರಿಯಿಲ್ಲ.

ಬ್ಯಾಟರಿ ಇಟ್ಟುಕೊಂಡರೆ? ಸೋಲಾರ್ ಹಾಕಿದರೆ?

ಕಾಯಲಾರದವರು ಹಿಡಿಯುವ ದಾರಿ ಸ್ಟೇಷನ್‌ನಲ್ಲೇ ಒಂದು ದೊಡ್ಡ ಬ್ಯಾಟರಿ. ಬಂಕಿನ ಟ್ಯಾಂಕ್ ಇದ್ದಂತೆ ಇದು. 300 ಕಿಲೋವ್ಯಾಟ್ ಸಂಪರ್ಕ ಸಿಕ್ಕಿದೆ, 600 ಯೂನಿಟ್ ಹಿಡಿಯುವ ಬ್ಯಾಟರಿ ಇದೆ ಎಂದುಕೊಳ್ಳಿ. ಕಾರುಗಳು 600 ಕಿಲೋವ್ಯಾಟ್ ಕೇಳಿದಾಗ ಅರ್ಧ ತಂತಿಯಿಂದ, ಅರ್ಧ ಬ್ಯಾಟರಿಯಿಂದ. ಎರಡು ಗಂಟೆ ಹೀಗೆ ನಡೆಯುತ್ತದೆ. ಡಿಮ್ಯಾಂಡ್ ಚಾರ್ಜ್ ಕೂಡ ಅರ್ಧಕ್ಕಿಳಿಯುತ್ತದೆ. ಮಾಮೂಲಿ ದಿನಕ್ಕೆ ಇಷ್ಟು ಸಾಕೇ ಸಾಕು.

ರಜೆಯ ದಿನ ಕಾರುಗಳ ಸಾಲು ಎರಡು ಗಂಟೆಗೆ ನಿಲ್ಲುವುದಿಲ್ಲ. ಬ್ಯಾಟರಿ ಬರಿದಾದ ಮೇಲೆ ಎಂಟು ಕಾರುಗಳಿಗೆ ಹಂಚಲು 300 ಕಿಲೋವ್ಯಾಟ್ ಮಾತ್ರ, ತಲಾ 37ರ ಆಸುಪಾಸು. 60 ಯೂನಿಟ್ ಬ್ಯಾಟರಿಯ ಕಾರನ್ನು 10ರಿಂದ 80%ಗೆ ತುಂಬಿಸಲು 42 ಯೂನಿಟ್ ಬೇಕು. ಅರ್ಧ ಗಂಟೆಯ ಕೆಲಸಕ್ಕೆ ಈಗ ಒಂದು ಗಂಟೆಗೂ ಜಾಸ್ತಿ. ಹಾಗಾಗಿ ಬ್ಯಾಟರಿಯಿಂದ ದೊಡ್ಡ ತಂತಿಯನ್ನು ಮುಂದೂಡಬಹುದು. ಬೇಡವೇ ಬೇಡ ಎನ್ನಲು ಆಗುವುದಿಲ್ಲ.

ಸೋಲಾರ್ ಚಾವಣಿಯ ಚಿತ್ರ ಎಲ್ಲ ಯೋಜನೆಗಳಲ್ಲೂ ಇರುತ್ತದೆ. ಒಂದು ಕಾರು ನಿಲ್ಲುವ ಜಾಗ ಸುಮಾರು 12 ಚದರ ಮೀಟರ್. ಅಷ್ಟಗಲದ ಪ್ಯಾನೆಲ್‌ನಿಂದ ಎರಡೂವರೆ ಕಿಲೋವ್ಯಾಟ್. ಹತ್ತು ಕಾರಿನ ಚಾವಣಿ ಒಳ್ಳೆ ಬಿಸಿಲಿನ ದಿನ 100 ಯೂನಿಟ್ ಕೊಟ್ಟೀತು. ಎರಡೂವರೆ ಕಾರು! ನೆರಳಿಗೆ, ದೀಪಕ್ಕೆ, ಫ್ಯಾನಿಗೆ ಅದು ಬೇಕು. ಹೆದ್ದಾರಿ ಸ್ಟೇಷನ್ನನ್ನು ಅದೇ ಓಡಿಸುತ್ತದೆ ಎಂದು ಯಾರಾದರೂ ಹೇಳಿದರೆ ಲೆಕ್ಕ ಕೇಳಿ.

ಎಲ್ಲಿ, ಎಷ್ಟು ದೂರಕ್ಕೊಂದು?

ಯುರೋಪಿಯನ್ ಒಕ್ಕೂಟದ ಎಎಫ್‌ಐಆರ್ ಕಾನೂನು 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಮುಖ್ಯ ಹೆದ್ದಾರಿ ಜಾಲದಲ್ಲಿ ಪ್ರತಿ 60 ಕಿಲೋಮೀಟರ್‌ಗೆ, ಎರಡೂ ದಿಕ್ಕಿಗೆ ಸ್ಟೇಷನ್ ಇರಬೇಕು. 2025ರ ಕೊನೆಗೆ ಒಂದೊಂದಕ್ಕೂ ಒಟ್ಟು 400 ಕಿಲೋವ್ಯಾಟ್, 2027ರ ಕೊನೆಗೆ 600 ಎಂದು ಅದರ ಗುರಿ. ಅಮೆರಿಕದ ನೆವಿ ಯೋಜನೆ 50 ಮೈಲಿಗೊಂದು, ಹೆದ್ದಾರಿಯಿಂದ 1 ಮೈಲಿಯೊಳಗೆ, ಕನಿಷ್ಠ ನಾಲ್ಕು ಗನ್, ನಾಲ್ಕಕ್ಕೂ ಏಕಕಾಲಕ್ಕೆ 150 ಕಿಲೋವ್ಯಾಟ್ ಎಂದು ಶುರುವಾಯಿತು. 2025ರ ಆಗಸ್ಟ್‌ನಲ್ಲಿ ಬಂದ ಹೊಸ ಮಾರ್ಗಸೂಚಿ ಅಂತರದ ವಿಚಾರದಲ್ಲಿ ರಾಜ್ಯಗಳಿಗೆ ಸಡಿಲ ಕೊಟ್ಟಿತು. ಭಾರತದ ವಿದ್ಯುತ್ ಸಚಿವಾಲಯದ 2024ರ ಮಾರ್ಗಸೂಚಿ ಹೆದ್ದಾರಿಯ ಎರಡೂ ಬದಿಗೆ 20 ಕಿಲೋಮೀಟರ್‌ಗೊಂದು ಸ್ಟೇಷನ್ ಎನ್ನುತ್ತದೆ.

ಅಂತರ ಚಿಕ್ಕದಾದಷ್ಟೂ ಧೈರ್ಯ ಜಾಸ್ತಿ, ನಿಜ. ಆದರೆ ಅಷ್ಟೇ ಗಾಡಿಗಳು ಹೆಚ್ಚು ಸ್ಟೇಷನ್‌ಗಳಿಗೆ ಹಂಚಿಹೋಗುತ್ತವೆ. ಒಂದೊಂದೂ ಚಿಕ್ಕದಾಗುತ್ತದೆ. ಮತ್ತೆ ಎರಡೆರಡು ಗನ್‌ನ ಕಥೆಗೇ ಬಂದು ನಿಲ್ಲುತ್ತೇವೆ.

ಹೆದ್ದಾರಿಗೆ ಅಂಟಿಕೊಂಡೇ ಕಟ್ಟಬೇಕೇ, ಪಕ್ಕದ ಊರಿನ ತಿರುವಿನಲ್ಲಿ ಕಟ್ಟಬೇಕೇ ಎಂಬ ಜಗಳವೂ ಇದೆ. ಅಂಟಿಕೊಂಡಿದ್ದರೆ ಇಳಿಯುವುದು, ಹತ್ತುವುದು ಸಲೀಸು. ಆದರೆ ಎರಡು ದಿಕ್ಕಿಗೆ ಎರಡು ಸ್ಟೇಷನ್, ಎರಡು ಸಂಪರ್ಕ. ತಿರುವಿನಲ್ಲಿದ್ದರೆ ಒಂದೇ ಸ್ಟೇಷನ್ ಎರಡೂ ದಿಕ್ಕಿಗೆ ಆಗುತ್ತದೆ, ಜೊತೆಗೆ ಊರಿನವರೂ ಬರುತ್ತಾರೆ. ಮನೆಯಲ್ಲಿ ಚಾರ್ಜರ್ ಇಲ್ಲದವರು, ಟ್ಯಾಕ್ಸಿಯವರು, ಸಾಮಾನು ಸಾಗಿಸುವ ಸಣ್ಣ ಗಾಡಿಯವರು ಮಂಗಳವಾರವೂ ಬರುತ್ತಾರೆ. ನಷ್ಟದ ದಿನಗಳನ್ನು ತುಂಬುವವರು ಇವರೇ. ಎರಡು ಮೂರು ನಿಮಿಷದ ಸುತ್ತು ಇದಕ್ಕೆ ತೆರಬೇಕಾದ ಬೆಲೆ, ಅದು ದುಬಾರಿಯಲ್ಲ. ಊರಿನವರ ಆತಂಕಗಳಿಗೆ ಮಾತ್ರ ಮೊದಲೇ ಕಿವಿಗೊಡಬೇಕು. ರಾತ್ರಿಯಿಡೀ ಗುಂಯ್ ಎನ್ನುವ ಫ್ಯಾನ್‌ಗಳನ್ನು ಮನೆಗಳ ಕಡೆ ತಿರುಗಿಸಿ ಇಡಬಾರದು. ನಮ್ಮ ಲೈನಿನ ವೋಲ್ಟೇಜ್ ಬೀಳುತ್ತದೆಯೇ ಎಂದು ಅವರು ಕೇಳಿದರೆ ಪರಿಶೀಲನೆಯ ವರದಿಯನ್ನೇ ಅವರ ಕೈಗೆ ಕೊಡಬೇಕು.

ಉದ್ಘಾಟನೆಯ ಮರುದಿನ

2022ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಸಂಶೋಧಕರು 657 ಫಾಸ್ಟ್ ಚಾರ್ಜಿಂಗ್ ಗನ್‌ಗಳನ್ನು ಒಂದೊಂದಾಗಿ ಹೋಗಿ ಪರೀಕ್ಷಿಸಿದರು. ಕೆಲಸ ಮಾಡುತ್ತಿದ್ದುದು 72.5% ಮಾತ್ರ. ಪರದೆ ಸತ್ತಿತ್ತು, ಕಾರ್ಡ್ ಓದುತ್ತಿರಲಿಲ್ಲ, ಕನೆಕ್ಟರ್ ಮುರಿದಿತ್ತು. 5% ಹತ್ತಿರ ಕಡೆ ಕೇಬಲ್ ಗಿಡ್ಡವಾಗಿ ಕಾರಿಗೆ ಮುಟ್ಟುತ್ತಲೇ ಇರಲಿಲ್ಲ. ಒಂದು ಕಾರಿನ ಚಾರ್ಜಿಂಗ್ ಬಾಯಿ ಮುಂದಿರುತ್ತದೆ, ಇನ್ನೊಂದರದು ಹಿಂದೆ ಎಡಕ್ಕೆ. ಕಟ್ಟುವಾಗ ಒಂದು ಮೀಟರ್ ಹೆಚ್ಚು ಉದ್ದದ ಕೇಬಲ್ ಹಾಕಿದ್ದರೆ ತಪ್ಪುತ್ತಿದ್ದ ತೊಂದರೆ ಇದು.

ಗುತ್ತಿಗೆಗಳಲ್ಲಿ 97% ಹೊತ್ತು ಕೆಲಸ ಮಾಡಬೇಕು ಎಂಬ ಷರತ್ತು ಈಗ ಸಾಮಾನ್ಯವಾಗುತ್ತಿದೆ. ಕೇಳಲು ಚೆನ್ನಾಗಿದೆ. ಉಳಿದ 3% ಅಂದರೆ ವರ್ಷಕ್ಕೆ ಸುಮಾರು 11 ದಿನ. ಆ 11 ದಿನ ರಜೆಯ ವಾರದಲ್ಲೇ ಬಿದ್ದರೆ ಕಾಗದದ ಮೇಲೆ ಷರತ್ತು ಪಾಲಿಸಿದಂತೆಯೇ. ಆದ್ದರಿಂದ ಗಾಡಿ ಹೆಚ್ಚು ಬರುವ ದಿನಗಳಿಗೆ ಬೇರೆಯೇ, ಬಿಗಿಯಾದ ಅಳತೆ ಬೇಕು. ರಿಪೇರಿಯವರು ಎಷ್ಟು ಗಂಟೆಯೊಳಗೆ ಬರಬೇಕು, ಬಿಡಿಭಾಗ ಎಲ್ಲಿ ಇಟ್ಟಿರಬೇಕು ಎಂಬುದು ಗುತ್ತಿಗೆಯಲ್ಲೇ ಇರಬೇಕು.

ಹಿಂದೆಯೇ ಬರುತ್ತಿರುವ ಲಾರಿಗಳು

ಈಗಿನ ಲೆಕ್ಕವೆಲ್ಲ ಕಾರಿನದ್ದು. ಲಾರಿಗಳಿಗಾಗಿ ಬರುತ್ತಿರುವ ಎಂಸಿಎಸ್ ಎಂಬ ವ್ಯವಸ್ಥೆಯಲ್ಲಿ 1,250 ವೋಲ್ಟ್, 3,000 ಆಂಪಿಯರ್‌ವರೆಗೆ ಹೋಗಬಹುದು. ಒಂದೇ ಗನ್‌ನಲ್ಲಿ 3,750 ಕಿಲೋವ್ಯಾಟ್. ಮೇಲೆ ಹೇಳಿದ, 1,200 ಕಿಲೋವ್ಯಾಟ್ ಬೇಡುವ ಎಂಟು ಗನ್‌ಗಳ ಸ್ಟೇಷನ್‌ನ ಮೂರು ಪಟ್ಟು! ಎಲ್ಲ ಲಾರಿಗಳೂ ಅಷ್ಟು ಎಳೆಯುವುದಿಲ್ಲ. ಆದರೂ ಎರಡು ಲಾರಿ ಬಂದು ನಿಂತರೆ ಇವತ್ತಿನ ಸಂಪರ್ಕ ಎಲ್ಲಿಗೂ ಸಾಲದು.

ಅದಕ್ಕೆ ಇವತ್ತೇ ಅಷ್ಟು ದೊಡ್ಡದಾಗಿ ಕಟ್ಟಬೇಕೇ ಎಂದರೆ, ಬೇಡ. ಮೆಷಿನ್ ಎಂಟೇ ಇರಲಿ, ಅದೂ ಆಗದಿದ್ದರೆ ನಾಲ್ಕು. ನಾಲ್ಕಕ್ಕಿಂತ ಕಡಿಮೆ ಬೇಡ. ನೆಲ ಅಗೆದಾಗಲೇ ಮಾಡಬೇಕಾದ ಕೆಲಸ ಬೇರೆ ಇದೆ. ಇನ್ನೊಂದು ಟ್ರಾನ್ಸ್‌ಫಾರ್ಮರ್ ಕೂರುವಷ್ಟು ಜಾಗ ಬಿಡುವುದು. ಲಾರಿ ಹಿಂದೆ ತೆಗೆಯದೆ ನೇರ ಒಳಗೆ ಬಂದು ನೇರ ಹೊರಗೆ ಹೋಗುವಂತೆ ದಾರಿ ಗುರುತು ಮಾಡುವುದು. ಕಾಂಕ್ರೀಟ್ ಹಾಕುವ ಮೊದಲು, ಮುಂದಿನ ಕೇಬಲ್‌ಗಳಿಗೆ ಅಗಲದ ಖಾಲಿ ಪೈಪ್‌ಗಳನ್ನು ಹುಗಿದು, ಎರಡೂ ತುದಿಗೆ ಮುಚ್ಚಳ ಹಾಕಿ, ಒಳಗೊಂದು ಹಗ್ಗ ಎಳೆದಿಟ್ಟಿರುವುದು. ಐದು ವರ್ಷ ಬಿಟ್ಟು ಬರುವ ಕೆಲಸದವರು ಆ ಹಗ್ಗಕ್ಕೆ ಕೇಬಲ್ ಕಟ್ಟಿ ಎಳೆದುಕೊಂಡರೆ ಸಾಕು, ಅಂಗಳ ಒಡೆಯಬೇಕಾಗಿಲ್ಲ.